ಸ್ಟ್ರೈಪ್ಡ್ ಬಾಸ್‌ಗೆ ರಾತ್ರಿ ಗಾಳ: ದೀಪ ಎಲ್ಲಿ ಬೇಕು, ಎಲ್ಲಿ ಬೇಡ

ಅಮೆರಿಕದ ಪೂರ್ವ ಕರಾವಳಿಯಲ್ಲಿ ಕತ್ತಲಾದ ಮೇಲೆ ಸ್ಟ್ರೈಪ್ಡ್ ಬಾಸ್ ಹಿಡಿಯಲು ಬರುವವರಲ್ಲಿ ಎರಡು ಪಂಗಡಗಳಿವೆ. ಒಂದು ಪಂಗಡದವರು ಗಂಟು ಹಾಕಲು ಚಿಕ್ಕ ದೀಪ ಹಚ್ಚುವುದಿದ್ದರೂ ನೀರಿಗೆ ಬೆನ್ನು ತಿರುಗಿಸಿ, ಟೋಪಿ ಮರೆ ಮಾಡಿಕೊಂಡು ಹಚ್ಚುತ್ತಾರೆ. ಇನ್ನೊಂದು ಪಂಗಡದವರು ಹಸಿರು ದೀಪವನ್ನೇ ನೀರಿನೊಳಗೆ ಇಳಿಸಿ ರಾತ್ರಿಯಿಡೀ ಅದರ ಪಕ್ಕ ಕೂರುತ್ತಾರೆ. ಇಬ್ಬರಿಗೂ ಮೀನು ಸಿಗುತ್ತದೆ. ಹಾಗಾದರೆ ಈ ಮೀನಿಗೆ ಬೆಳಕು ಕಂಡರೆ ಆಸೆಯೋ, ಭಯವೋ?

ಭಯ ಬೆಳಕಿನದಲ್ಲ, ಬೆಳಕಿನ ಬದಲಾವಣೆಯದು. ಗಂಟೆಗಟ್ಟಲೆ ಒಂದೇ ಕಡೆ ಅಲುಗಾಡದೆ ಬೀಳುವ ಬೆಳಕು ಸ್ಟ್ರೈಪ್ಡ್ ಬಾಸ್‌ಗೆ ಊಟದ ಜಾಗ. ಒಮ್ಮೆಲೇ ಹೊತ್ತಿ, ನೀರಿನ ಮೇಲೆ ಹರಿದಾಡಿ, ಆರಿಹೋಗುವ ಬೆಳಕು ಅಪಾಯದ ಸೂಚನೆ. ರಾತ್ರಿ ದೀಪದ ಬಗ್ಗೆ ಪರಿಣತರು ಹೇಳುವ ನಿಯಮಗಳೆಲ್ಲ ಈ ಒಂದು ವ್ಯತ್ಯಾಸದಿಂದಲೇ ಹುಟ್ಟಿಕೊಂಡಿವೆ.

ಮೀನಿನ ಪರಿಚಯ ಚಿಕ್ಕದಾಗಿ: ಬೆಳ್ಳಿ ಮೈ, ಪಕ್ಕದಲ್ಲಿ ಏಳೆಂಟು ಕಪ್ಪು ಗೆರೆ. ಅಲ್ಲಿನವರ ಬಾಯಲ್ಲಿ ಸ್ಟ್ರೈಪರ್, ಚೆಸಪೀಕ್ ಕೊಲ್ಲಿಯ ಸುತ್ತ ರಾಕ್‌ಫಿಶ್. ಸಮುದ್ರದಲ್ಲಿ ಬೆಳೆದು ಮೊಟ್ಟೆಯಿಡಲು ನದಿಗೆ ಏರುವ ಜಾತಿ. ಚೆಸಪೀಕ್‌ಗೆ ಸೇರುವ ನದಿಗಳು, ಹಡ್ಸನ್, ಡೆಲವೇರ್ ಅದರ ಮುಖ್ಯ ತವರುಗಳು. 1879ರಲ್ಲಿ ನ್ಯೂಜೆರ್ಸಿಯಿಂದ ರೈಲಿನಲ್ಲಿ ಮರಿಗಳನ್ನು ಒಯ್ದು ಕ್ಯಾಲಿಫೋರ್ನಿಯಾದಲ್ಲಿ ಬಿಟ್ಟದ್ದರಿಂದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲೂ ಸ್ಯಾಕ್ರಮೆಂಟೊ ಡೆಲ್ಟಾದಲ್ಲೂ ಇದೆ. ದಕ್ಷಿಣ ರಾಜ್ಯಗಳ ಜಲಾಶಯಗಳಲ್ಲೂ ಬೆಳೆಸಿದ್ದಾರೆ. ಹೀಗಾಗಿ ನ್ಯೂಜೆರ್ಸಿಯಲ್ಲೋ ಬೇ ಏರಿಯಾದಲ್ಲೋ ನೆಲೆಸಿರುವ ಕನ್ನಡಿಗರಿಗೆ ಮನೆಯಿಂದ ಕಾರಿನಲ್ಲಿ ಹೋಗಿ ಹಿಡಿಯಬಹುದಾದ ಮೀನು ಇದು. ದೊಡ್ಡ ಮೀನುಗಳು ಹಗಲಲ್ಲಿ ಆಳಕ್ಕೆ ಹೋಗಿ, ಕತ್ತಲಾದ ಮೇಲೆ ಮೊಣಕಾಲುದ್ದದ ನೀರಿನವರೆಗೂ ಬರುತ್ತವೆ. 1982ರ ಸೆಪ್ಟೆಂಬರ್‌ನಲ್ಲಿ ಅಟ್ಲಾಂಟಿಕ್ ಸಿಟಿಯ ಕಲ್ಲೊಡ್ಡಿನ ಮೇಲಿಂದ ಸಿಕ್ಕ, ಮೂರು ದಶಕ ವಿಶ್ವದಾಖಲೆಯಾಗಿದ್ದ 35.6 ಕಿಲೋ ಮೀನು ರಾತ್ರಿ ಹಿಡಿದದ್ದೇ.

ಕತ್ತಲಲ್ಲಿ ಅದರ ಕಣ್ಣು

ಸ್ಟ್ರೈಪರ್‌ಗೆ ರೆಪ್ಪೆಯಿಲ್ಲ. ನಮ್ಮ ಪಾಪೆ ಬೆಳಕಿಗೆ ತಕ್ಕಂತೆ ಕುಗ್ಗಿ ಹಿಗ್ಗುವ ಹಾಗೆ ಅದರ ಪಾಪೆ ಕೆಲಸ ಮಾಡುವುದಿಲ್ಲ. ಬೆಳಕಿನ ಏರಿಳಿತವನ್ನು ಅದು ಅಕ್ಷಿಪಟಲದ ಒಳಗೇ ನಿಭಾಯಿಸಬೇಕು. ಹಗಲು ಹೊತ್ತು ಬಣ್ಣ ಗುರುತಿಸುವ ಶಂಕುಕೋಶಗಳು ಬೆಳಕಿನ ಕಡೆಗೆ ನಿಲ್ಲುತ್ತವೆ. ಮಂದ ಬೆಳಕಿನ ದಂಡಕೋಶಗಳು ಹಿಂದೆ ಸರಿದು ಕಪ್ಪು ವರ್ಣಕಣಗಳ ಮರೆಯಲ್ಲಿರುತ್ತವೆ. ಕತ್ತಲಾಗುತ್ತ ಬಂದಂತೆ ಎರಡೂ ಜಾಗ ಬದಲಾಯಿಸುತ್ತವೆ. ಈ ಸರಿದಾಟಕ್ಕೆ ಹತ್ತಾರು ನಿಮಿಷ ಬೇಕು. ದಂಡಕೋಶಗಳು ಮುಂದೆ ಬಂದು ನಿಂತಿರುವ ಹೊತ್ತಿಗೆ ಟಾರ್ಚ್ ಬೆಳಕು ಒಮ್ಮೆಲೇ ಬಿದ್ದರೆ ಮೀನಿಗೆ ಕಣ್ಣು ಮುಚ್ಚಿಕೊಳ್ಳಲೂ ಆಗದು, ತಕ್ಷಣ ಹೊಂದಿಕೊಳ್ಳಲೂ ಆಗದು. ಉಳಿದಿರುವುದು ಓಡುವುದೊಂದೇ.

ಬೆಳಕು ಬೀಳುವ ಕೋನವೂ ಲೆಕ್ಕಕ್ಕೆ ಬರುತ್ತದೆ. ದೂರದಿಂದ ನೀರಿಗೆ ಸವರಿದಂತೆ ಬೀಳುವ ಬೆಳಕಿನ ದೊಡ್ಡ ಪಾಲು ಮೇಲ್ಮೈಯಲ್ಲೇ ಪ್ರತಿಫಲಿಸಿ ಹೋಗುತ್ತದೆ. ಕಾಲ ಬುಡದ ನೀರಿಗೆ ಮೇಲಿನಿಂದ ಬಿಟ್ಟ ಬೆಳಕಾದರೋ ಬಹುತೇಕ ಪೂರ್ತಿ ಒಳಗಿಳಿಯುತ್ತದೆ. ಸ್ಟ್ರೈಪರ್ ರಾತ್ರಿ ಹೊತ್ತು ನಿಮ್ಮಿಂದ ಐದಾರು ಮೀಟರ್ ಒಳಗೇ ಮೇಯುತ್ತಿರುವುದು ಸಾಮಾನ್ಯ. ಬಂದವರೇ ‘ನೀರು ಹೇಗಿದೆ ನೋಡೋಣ’ ಎಂದು ಕಾಲಡಿಗೆ ಟಾರ್ಚ್ ಬಿಟ್ಟರೆ ಅತಿ ಹತ್ತಿರವಿದ್ದ ಮೀನು ಮೊದಲೇ ಹೋಯಿತು.

ಇಲ್ಲಿ ಒಂದು ತಪ್ಪು ನಂಬಿಕೆಯನ್ನು ಬಿಡಿಸಬೇಕು. ‘ಕೆಂಪು ಬೆಳಕು ಮೀನಿಗೆ ಕಾಣುವುದಿಲ್ಲ’ ಎಂದು ಹೆಡ್‌ಲ್ಯಾಂಪ್ ಮಾರುವವರಿಂದ ಹಿಡಿದು ಹಳೆಯ ಗಾಳಗಾರರವರೆಗೆ ಎಲ್ಲರೂ ಹೇಳುತ್ತಾರೆ. ಸ್ಟ್ರೈಪ್ಡ್ ಬಾಸ್ ವಿಷಯದಲ್ಲಿ ಇದು ಅರ್ಧ ಸತ್ಯ. ಅದರ ಅಕ್ಷಿಪಟಲವನ್ನು ಪ್ರಯೋಗಾಲಯದಲ್ಲಿ ವಿವರವಾಗಿ ಅಳೆದಿದ್ದಾರೆ. ಎರಡು ಬಗೆಯ ಶಂಕುಕೋಶಗಳಿವೆ: ಒಂದು ಸುಮಾರು 540 ನ್ಯಾನೋಮೀಟರ್ ತರಂಗಾಂತರಕ್ಕೆ, ಅಂದರೆ ಹಸಿರಿಗೆ, ಹೆಚ್ಚು ಸ್ಪಂದಿಸುತ್ತದೆ. ಇನ್ನೊಂದು ಸುಮಾರು 605ಕ್ಕೆ, ಅಂದರೆ ಕಿತ್ತಳೆಗೆಂಪಿನ ಹತ್ತಿರ. ಮಾರುಕಟ್ಟೆಯ ಕೆಂಪು ಎಲ್‌ಇಡಿಗಳು ಹೆಚ್ಚಾಗಿ 620ರಿಂದ 630ರ ಆಸುಪಾಸಿನವು, ಅವುಗಳ ಪ್ರಕಾಶ ಜೋರಾಗಿದ್ದರೆ ಈ ಕೋಶಗಳಿಗೆ ತಲುಪುವುದರಲ್ಲಿ ಅನುಮಾನವಿಲ್ಲ. ಕೆಂಪಿಗೆ ಎರಡು ಅನುಕೂಲಗಳು ಇರುವುದಂತೂ ನಿಜ: ನೀರು ಕೆಂಪನ್ನು ಬೇಗ ಹೀರಿಬಿಡುತ್ತದೆ, ಕತ್ತಲಿಗೆ ಹೊಂದಿಕೊಂಡ ದಂಡಕೋಶಗಳು, ಮೀನಿನವೇ ಆಗಲಿ ನಮ್ಮವೇ ಆಗಲಿ, ಅದಕ್ಕೆ ಅಷ್ಟಾಗಿ ಸ್ಪಂದಿಸುವುದಿಲ್ಲ. ಹಾಗಾಗಿ ಮಂದ ಕೆಂಪು ದೀಪ ಒಳ್ಳೆಯದು, ಆದರೆ ಮುಖ್ಯವಾಗಿ ನಿಮ್ಮ ಕಣ್ಣಿಗಾಗಿ. ಕೆಂಪು ಎಂಬ ಧೈರ್ಯದಲ್ಲಿ ಪ್ರಖರ ದೀಪವನ್ನು ನೀರಿನ ಮೇಲೆ ಆಡಿಸಬೇಡಿ.

ತಲೆಯ ಮೇಲಿನ ದೀಪ

ಮನುಷ್ಯನ ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು 20ರಿಂದ 30 ನಿಮಿಷ ಬೇಕು. ಅದನ್ನು ಕೆಡಿಸಲು ಮೊಬೈಲ್ ಪರದೆಯನ್ನು ಒಂದು ಸಲ ನೋಡಿದರೆ ಸಾಕು. ಕತ್ತಲಿಗೆ ಒಗ್ಗಿದ ಕಣ್ಣಿಗೆ ಅಲೆ ಒಡೆಯುವ ಜಾಗ, ಸೆಳೆತದ ಗೆರೆ, ನೀರಿನಿಂದ ಚಿಮ್ಮುವ ಚಿಕ್ಕ ಮೀನು ಎಲ್ಲ ಕಾಣುತ್ತವೆ. ದೀಪ ಹಚ್ಚಿದವನಿಗೆ ದೀಪದ ವೃತ್ತ ಮಾತ್ರ. ಬಿಳಿ ದೀಪ ಹಚ್ಚಲೇಬೇಕಾಗಿ ಬಂದರೆ ಒಂದು ಕಣ್ಣು ಮುಚ್ಚಿಕೊಳ್ಳಿ. ಎರಡು ಕಣ್ಣುಗಳೂ ಪ್ರತ್ಯೇಕವಾಗಿ ಕತ್ತಲಿಗೆ ಒಗ್ಗುವುದರಿಂದ ಮುಚ್ಚಿದ ಕಣ್ಣಿನ ಶಕ್ತಿ ಉಳಿಯುತ್ತದೆ.

ಹೆಡ್‌ಲ್ಯಾಂಪ್ ಕೊಳ್ಳುವಾಗ ಲೂಮೆನ್ (ದೀಪ ಸೂಸುವ ಬೆಳಕಿನ ಅಳತೆ) ಸಂಖ್ಯೆಗಿಂತ ಗುಂಡಿಯ ವ್ಯವಸ್ಥೆ ನೋಡಿ. ಅಗ್ಗದ ದೀಪಗಳಲ್ಲಿ ಕೆಂಪು ಬರಬೇಕಾದರೆ ಮೊದಲು ಬಿಳಿಯ ಮೂರು ಹಂತ ದಾಟಬೇಕು. ಹಚ್ಚಿದಾಗಲೂ ಆರಿಸುವಾಗಲೂ ಬಿಳಿ ಮಿಂಚಿಯೇ ಮಿಂಚುತ್ತದೆ. ಕೆಂಪಿಗೆ ಬೇರೆ ಗುಂಡಿ ಇರುವುದನ್ನೇ ಆರಿಸಿ. ಗಂಟು ಹಾಕಲು, ಕೊಕ್ಕೆ ಬಿಡಿಸಲು 5 ಲೂಮೆನ್ ಧಾರಾಳ. ಅದಕ್ಕಿಂತ ಪ್ರಖರವಾಗಿದ್ದರೆ ಗಾಜಿಗೆ ಎರಡು ಪದರ ಟೇಪ್ ಅಂಟಿಸಿ. ನೀರುನಿರೋಧಕತೆ ಐಪಿಎಕ್ಸ್7 ಅಥವಾ ಮೇಲಿರಲಿ. ಐಪಿಎಕ್ಸ್7 ಎಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ತಡೆಯಬೇಕು. ಉಪ್ಪುನೀರು ಬ್ಯಾಟರಿಯ ಸಂಪರ್ಕಪಟ್ಟಿಗಳನ್ನು ತಿನ್ನುತ್ತದೆ, ಮನೆಗೆ ಬಂದೊಡನೆ ಸಿಹಿನೀರಿನಲ್ಲಿ ತೊಳೆದು ಒಣಗಿಸಿ.

ದೀಪವನ್ನು ಹಣೆಗಿಂತ ಕೊರಳಿಗೆ ಹಾಕಿಕೊಳ್ಳುವುದು ಮೇಲು. ಹಣೆಯಲ್ಲಿದ್ದರೆ ತಲೆ ತಿರುಗಿದತ್ತೆಲ್ಲ ಬೆಳಕು ತಿರುಗಿ ಪಕ್ಕದವರ ಕಣ್ಣಿಗೂ ನೀರಿಗೂ ಹೊಡೆಯುತ್ತದೆ. ಕೊರಳಲ್ಲಿದ್ದರೆ ಕೈಯ ಮೇಲೆ ಬೀಳುತ್ತದೆ. ಇನ್ನೂ ಒಳ್ಳೆಯದು, ದೀಪದ ಅಗತ್ಯವನ್ನೇ ಕಡಿಮೆ ಮಾಡುವುದು: ಮುಖ್ಯ ದಾರಕ್ಕೂ ಎರೆಗೂ ನಡುವೆ ಬರುವ ಗಟ್ಟಿ ತುಂಡುದಾರಗಳನ್ನು, ಅಂದರೆ ಲೀಡರ್‌ಗಳನ್ನು, ಮನೆಯಲ್ಲೇ ಕಟ್ಟಿ ತುದಿಗೆ ಲೋಹದ ಕ್ಲಿಪ್ ಹಾಕಿಟ್ಟರೆ ಎರೆ ಬದಲಾಯಿಸುವುದು ಬೆರಳಿನ ಅಂದಾಜಿನಲ್ಲೇ ಆಗುತ್ತದೆ. ಚೀಲದಲ್ಲಿ ಯಾವ ಎರೆ ಯಾವ ಗೂಡಿನಲ್ಲಿ ಎಂಬುದು ಕೈಗೆ ರೂಢಿಯಾಗಿರಲಿ.

ಆಕಸ್ಮಿಕವಾಗಿ ನೀರಿಗೆ ಬೆಳಕು ಬಿದ್ದರೆ ಅದೇ ಜಾಗಕ್ಕೆ ಎಸೆಯುತ್ತ ನಿಲ್ಲಬೇಡಿ. ಕಾಲು ಗಂಟೆ ಬಿಡಿ, ಇಲ್ಲವೇ ನಲವತ್ತು ಐವತ್ತು ಹೆಜ್ಜೆ ಆಚೆ ಸರಿಯಿರಿ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಖಡಾಖಂಡಿತ: ಪಾಚಿ ಹಿಡಿದ ಕಲ್ಲೊಡ್ಡಿನ ಮೇಲೆ ನಡೆಯುವಾಗ, ಅಲೆಯ ಹೊತ್ತಿನಲ್ಲಿ ಜಾಗ ಬಿಡುವಾಗ ಬಿಳಿ ದೀಪ ಹಚ್ಚಿ, ಯೋಚಿಸಬೇಡಿ. 150ರಿಂದ 300 ಲೂಮೆನ್ ಬೇಕಾಗುವುದು ಈ ಕೆಲಸಕ್ಕೆ. ಹೆಚ್ಚುವರಿ ದೀಪ ಒಂದು ಜೇಬಿನಲ್ಲಿರಲಿ. ಕಲ್ಲಿನ ಮೇಲೆ ಜಾರಿ ಬಿದ್ದವರಿಗೆ ಹೋಲಿಸಿದರೆ ಓಡಿಹೋದ ಮೀನಿನ ನಷ್ಟ ನಷ್ಟವೇ ಅಲ್ಲ.

ಸೇತುವೆಯ ನೆರಳು

ಸ್ಥಿರ ಬೆಳಕು ಸ್ಟ್ರೈಪರ್‌ಗೆ ಹೇಗೆ ಒದಗುತ್ತದೆ ಎಂಬುದು ದೀಪವಿರುವ ಸೇತುವೆಯ ಕೆಳಗೆ ಚೆನ್ನಾಗಿ ಗೊತ್ತಾಗುತ್ತದೆ. ಅಳಿವೆಗಳಿಗೆ ಅಡ್ಡಲಾಗಿ ಕಟ್ಟಿದ ಸೇತುವೆಗಳ ದೀಪ ಎರಡೂ ಪಕ್ಕದ ನೀರನ್ನು ಬೆಳಗುತ್ತದೆ, ನಡುವೆ ಸೇತುವೆಯ ಮೈಯ ನೆರಳು ಬೀಳುತ್ತದೆ. ಬೆಳಕು ಮತ್ತು ನೆರಳು ಸೇರುವಲ್ಲಿ ನೀರಿನ ಮೇಲೆ ಒಂದು ನೇರ ಗೆರೆ. ಬೆಳಗಿದ ನೀರಿಗೆ ಸೂಕ್ಷ್ಮಜೀವಿಗಳು, ಅವುಗಳ ಹಿಂದೆ ಸೀಗಡಿ, ಸಿಲ್ವರ್‌ಸೈಡ್, ಮೆನ್‌ಹೇಡನ್ ಮರಿಗಳು ಸೇರುತ್ತವೆ. ಉಬ್ಬರ ಇಳಿತದ ಹರಿವು ಇವನ್ನು ಬೆಳಕಿನಿಂದ ನೆರಳಿನ ಕಡೆಗೆ ತಳ್ಳುತ್ತದೆ.

ಸ್ಟ್ರೈಪರ್ ನಿಲ್ಲುವುದು ಹರಿವು ಬರುವ ಬದಿಯ ಗೆರೆಯಲ್ಲಿ, ನೆರಳಿನೊಳಗೆ ಒಂದೆರಡು ಅಡಿ, ಮೂತಿ ಬೆಳಕಿನತ್ತ. ಕತ್ತಲೆ ಕೋಣೆಯ ಕಿಟಕಿಯಿಂದ ದೀಪವಿರುವ ಬೀದಿಯನ್ನು ನೋಡಿದ ಹಾಗೆ: ಒಳಗಿನವನಿಗೆ ಹೊರಗಿನದೆಲ್ಲ ಕಾಣುತ್ತದೆ, ಹೊರಗಿನವರಿಗೆ ಒಳಗಿನವನು ಕಾಣುವುದಿಲ್ಲ. ಬೆಳಕಿನಲ್ಲಿದ್ದ ಚಿಕ್ಕ ಮೀನು ನೆರಳಿಗೆ ಜಾರಿದ ಕ್ಷಣ ಅದಕ್ಕೆ ಎದುರಿನದು ಗೊತ್ತಾಗುವ ಮೊದಲೇ ಬಾಯಿ ತೆರೆದಿರುತ್ತದೆ.

ಆದ್ದರಿಂದ ಎರೆ ಹೋಗಬೇಕಾದ ದಾರಿಯೂ ಅದೇ. ಹರಿವಿನ ಮೇಲ್ಗಡೆಗೆ, ಬೆಳಕಿರುವ ನೀರಿಗೆ ಎಸೆಯಿರಿ. ಗೆರೆಯಿಂದ ಎಂಟು ಹತ್ತು ಮೀಟರ್ ಮೇಲೆ ಬಿದ್ದರೆ ಸರಿ. ದಾರ ಸಡಿಲ ಬಿಡದೆ, ಹರಿವಿನ ವೇಗಕ್ಕಿಂತ ತುಸುವೇ ಹೆಚ್ಚು ಸುತ್ತುತ್ತ, ಎರೆ ಓರೆಯಾಗಿ ಗೆರೆ ದಾಟುವಂತೆ ಬಿಡಿ. ಕಚ್ಚುವುದು ಬಹುಪಾಲು ಗೆರೆ ದಾಟಿದ ಮೊದಲ ಒಂದು ಮೀಟರ್ ಒಳಗೆ. ಮೂರು ಮೀಟರ್ ಆಳ, ಸಾಧಾರಣ ಹರಿವು ಇರುವಲ್ಲಿ 14ರಿಂದ 28 ಗ್ರಾಂ ತೂಕದ ಜಿಗ್ ತಲೆಗೆ (ಲೋಹದ ತಲೆಯಿರುವ ಕೊಕ್ಕೆಗೆ) ಮೃದು ಪ್ಲಾಸ್ಟಿಕ್ ಮೀನು ಚುಚ್ಚಿದರೆ ಸಾಕು. ಎರೆ ತಳ ತಟ್ಟುತ್ತಿದ್ದರೆ ತೂಕ ಇಳಿಸಿ. ದೀಪದ ಕೆಳಗಿನ ಬೇಟೆ ಹೆಚ್ಚಾಗಿ ಮೇಲಿನ ಅರ್ಧ ನೀರಿನಲ್ಲೇ ನಡೆಯುತ್ತದೆ.

ಕೆಡುವುದು ಎಲ್ಲಿ? ಮೊದಲನೆಯದು, ಎರೆಯನ್ನು ನೇರವಾಗಿ ಗೆರೆಯ ಮೇಲೇ ಬೀಳಿಸುವುದು: ಮೀನಿನ ತಲೆಯ ಮೇಲೆ ಬಿದ್ದ ಸದ್ದು. ಎರಡನೆಯದು, ನೀವೇ ದೀಪ ಮತ್ತು ನೀರಿನ ನಡುವೆ ನಿಲ್ಲುವುದು. ನಿಮ್ಮ ನೆರಳು ನೀರಿನ ಮೇಲೆ ಉದ್ದವಾಗಿ ಓಡಾಡಿದರೆ ಅದೂ ಬೆಳಕಿನ ಬದಲಾವಣೆಯೇ. ಮೂರನೆಯದು ಎರೆಯ ಗಾತ್ರ. ಬೆಳಕಿನಲ್ಲಿ ಐದಾರು ಸೆಂಟಿಮೀಟರ್ ಸಿಲ್ವರ್‌ಸೈಡ್ ಸಾವಿರಗಟ್ಟಲೆ ಇರುವಾಗ ಒಂದು ಗೇಣಿನ ಮರದ ಮೀನನ್ನು ಸ್ಟ್ರೈಪರ್ ತಿರುಗಿಯೂ ನೋಡುವುದಿಲ್ಲ. ದೀಪದ ಕೆಳಗೆ ಅದು ಚೆನ್ನಾಗಿ ಕಾಣುವ ಮೀನು, ಹಾಗಾಗಿ ಆಯ್ದು ತಿನ್ನುವ ಮೀನು. ಅಲ್ಲಿ ಏನು ಓಡುತ್ತಿದೆಯೋ ಅಷ್ಟೇ ಉದ್ದದ್ದನ್ನು ಕಟ್ಟಿ.

ಹರಿವು ನಿಂತಾಗ ಮೀನು ಗೆರೆ ಬಿಡುತ್ತದೆ. ಹರಿವು ದಿಕ್ಕು ಬದಲಿಸಿದ ಮೇಲೆ ಸೇತುವೆಯ ಇನ್ನೊಂದು ಬದಿಯ ಗೆರೆ ನೋಡಬೇಕು. ಹೊಸಬರು ಇದನ್ನೇ ಮರೆತು, ಸಂಜೆ ಸಿಕ್ಕಿದ ಜಾಗದಲ್ಲೇ ಬೆಳಗಿನವರೆಗೆ ನಿಲ್ಲುತ್ತಾರೆ. ಹುಣ್ಣಿಮೆಯಲ್ಲಿ ಮೋಡವಿಲ್ಲದಿದ್ದರೆ ನೆರಳು ತೆಳುವಾಗಿ ಗೆರೆಯ ಬಲ ಕುಗ್ಗುತ್ತದೆ. ಕೊನೆಯ ಎಚ್ಚರ ಕಂಬಗಳದು: ಸಿಕ್ಕ ಮೀನು ನೇರ ನೆರಳಿನೊಳಗೆ, ಚಿಪ್ಪು ಹತ್ತಿದ ಕಂಬದ ಸುತ್ತ ಓಡುತ್ತದೆ. 30 ಪೌಂಡ್ ಎಳೆತ ತಾಳುವ ಹೆಣೆದ ದಾರ, ಮುಂದೆ 40ರಿಂದ 50 ಪೌಂಡ್ ಫ್ಲೋರೊಕಾರ್ಬನ್ ಲೀಡರ್ ಇಲ್ಲದೆ ಅಲ್ಲಿಗೆ ಹೋಗಬೇಡಿ. ಎತ್ತರದ ಸೇತುವೆಯಿಂದ ಮೀನನ್ನು ದಾರದಲ್ಲೇ ಮೇಲೆತ್ತುವುದು ಮೀನಿಗೂ ದಾರಕ್ಕೂ ಹಿಂಸೆ. ಹಗ್ಗ ಕಟ್ಟಿದ ಬಲೆಬುಟ್ಟಿ ಇಳಿಸಿ.

ನೀರೊಳಗಿನ ಹಸಿರು ದೀಪ

ಸೇತುವೆ ಇಲ್ಲದಲ್ಲಿ ಆ ಬೆಳಕನ್ನು ನಾವೇ ಮಾಡಿಕೊಳ್ಳುವುದು ಮುಳುಗುದೀಪ. ಜಾರ್ಜಿಯಾದ ಲೇನಿಯರ್ ಜಲಾಶಯದಂಥ ಕಡೆ, ಖಾಸಗಿ ದೋಣಿಕಟ್ಟೆಗಳಲ್ಲಿ ಇದು ಸಾಮಾನ್ಯ. ಬಣ್ಣ ಹಸಿರೇ ಯಾಕೆ ಎಂದರೆ, ಶುದ್ಧ ಕಡಲನೀರಿನಲ್ಲಿ ನೀಲಿ ಬೆಳಕು ಅತಿ ದೂರ ಹೋದರೂ ದಡದ ಹತ್ತಿರದ ನೀರಿನಲ್ಲಿ ಪಾಚಿ, ಕೊಳೆತ ಎಲೆಗಳ ರಸ ನೀಲಿಯನ್ನು ಹೀರಿಕೊಳ್ಳುತ್ತವೆ. ಕೆಂಪನ್ನು ನೀರೇ ಹೀರುತ್ತದೆ. ಉಳಿದು ದೂರ ತಲುಪುವುದು ಹಸಿರು.

12 ವೋಲ್ಟ್, 20 ವ್ಯಾಟ್ ಎಲ್‌ಇಡಿ ಒಂದು ದೋಣಿಗೆ ಸಾಕು. ಲೆಕ್ಕ ಹೀಗೆ: 20 ವ್ಯಾಟ್ ಎಂದರೆ 12 ವೋಲ್ಟ್‌ನಲ್ಲಿ ಸುಮಾರು 1.7 ಆಂಪಿಯರ್, ಎಂಟು ಗಂಟೆಗೆ 13.5 ಆಂಪಿಯರ್‌ಗಂಟೆ. ಸೀಸ–ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು, ಹಾಗಾಗಿ 27ಕ್ಕಿಂತ ಮೇಲಿನದು ಬೇಕು. ಲಿಥಿಯಂ ಐರನ್ ಫಾಸ್ಫೇಟ್ ಆದರೆ 18 ಸಾಕಾಗುತ್ತದೆ. ಮೋಟಾರ್ ಚಾಲೂ ಮಾಡುವ ಬ್ಯಾಟರಿಗೆ ದೀಪ ಸಿಕ್ಕಿಸಬೇಡಿ; ಬೆಳಗಿನ ಜಾವ ಮೋಟಾರ್ ಹೊತ್ತದೇ ಹೋದರೆ ನೀರಿನ ನಡುವೆ ಸಿಕ್ಕಿಬೀಳುತ್ತೀರಿ. ಧನ ತಂತಿಯಲ್ಲಿ, ಬ್ಯಾಟರಿಗೆ ಒಂದು ಗೇಣಿನ ಒಳಗೆ, 3 ಆಂಪಿಯರ್ ಫ್ಯೂಸ್ ಇರಲಿ. ಹತ್ತು ಮೀಟರ್ ತಂತಿಗೆ 1.5 ಚದರ ಮಿಲಿಮೀಟರ್ ದಪ್ಪವಿದ್ದರೆ ವೋಲ್ಟೇಜ್ ಕುಸಿತ ಅರ್ಧ ವೋಲ್ಟ್‌ಗಿಂತ ಕಡಿಮೆ.

ದೀಪವನ್ನು ನೀರಿಗಿಳಿಸಿದ ಮೇಲೆಯೇ ಹಚ್ಚಿ. ಹೆಚ್ಚಿನ ಮುಳುಗುದೀಪಗಳು ತಣ್ಣಗಾಗುವುದು ಸುತ್ತಲಿನ ನೀರಿನಿಂದ. ಹೊರಗೆ ಹಚ್ಚಿಟ್ಟರೆ ಕೆಲವೇ ನಿಮಿಷಗಳಲ್ಲಿ ಸುಟ್ಟುಹೋಗಬಹುದು. ಆಳ ಒಂದರಿಂದ ಎರಡು ಮೀಟರ್. ತೂಕ ಕಟ್ಟಿ, ಹರಿವಿಗೆ ತೂಗಾಡದಂತೆ ಮಾಡಿ. ಕೆಸರು ನೀರಿನಲ್ಲಿ ಬೆಳಕು ಕಣಗಳಿಗೆ ತಾಗಿ ಹಿಂದಿರುಗಿ ಒಂದು ಹಸಿರು ಮಂಜಾಗುತ್ತದೆ, ದೂರ ಹೋಗುವುದಿಲ್ಲ. ಆಗ ವ್ಯಾಟ್ ಹೆಚ್ಚಿಸಿ ಲಾಭವಿಲ್ಲ, ಜಾಗ ಬದಲಿಸಬೇಕು.

ಆಮೇಲೆ ತಾಳ್ಮೆ. ಮೊದಲು ಸೂಕ್ಷ್ಮಜೀವಿಗಳು, ಅವುಗಳಿಗೆ ಚಿಕ್ಕ ಮೀನುಗಳು, ಇಷ್ಟಕ್ಕೆ ಅರ್ಧದಿಂದ ಒಂದು ಗಂಟೆ. ಚಿಕ್ಕ ಮೀನುಗಳು ದೀಪದ ಸುತ್ತ ಗುಂಪಾಗಿ ಸುತ್ತತೊಡಗಿದರೆ ಸರಿದಾರಿ. ಗುಂಪು ಒಮ್ಮೆಲೇ ಒಡೆದು ಚೆದುರಿದರೆ ಕೆಳಗೆ ಸ್ಟ್ರೈಪರ್ ಬಂದಿದೆ ಎಂದರ್ಥ. ಅದು ಬೆಳಕಿನ ನಡುವಿಗೆ ಬರುವುದು ಅಪರೂಪ. ಅಂಚಿನ ಮಬ್ಬಿನಲ್ಲಿ, ಗುಂಪಿಗಿಂತ ಕೆಳಗೆ ಸುತ್ತುತ್ತದೆ. ಎರೆ ಇಳಿಸಬೇಕಾದದ್ದು ಅಲ್ಲಿಗೆ. ಮೀನು ಬರಲಿಲ್ಲವೆಂದು ದೀಪ ಆರಿಸಿ ಹಚ್ಚುವುದು, ಹತ್ತು ನಿಮಿಷಕ್ಕೊಮ್ಮೆ ದೋಣಿ ಸರಿಸುವುದು, ಇವೆರಡೇ ಇಡೀ ಶ್ರಮವನ್ನು ಹಾಳುಮಾಡುವುದು.

ಕಟ್ಟೆಯಲ್ಲಿ 120 ವೋಲ್ಟ್ ಎಸಿ ದೀಪ ಹಾಕುವವರು ನೆಲಸೋರಿಕೆ ಕಡಿತ ಸ್ವಿಚ್ ಇಲ್ಲದೆ ಹಾಕಲೇಬಾರದು. ಅಮೆರಿಕದಲ್ಲಿ ಅದನ್ನು ಜಿಎಫ್‌ಸಿಐ ಎನ್ನುತ್ತಾರೆ, ಸುಮಾರು 5 ಮಿಲಿಆಂಪಿಯರ್ ಸೋರಿದರೆ ಕಡಿಯುತ್ತದೆ. ಸಿಹಿನೀರಿನಲ್ಲಿ ಸೋರಿದ ವಿದ್ಯುತ್ತು ಈಜುವವರ ಸ್ನಾಯುಗಳನ್ನು ಹಿಡಿದು ಮುಳುಗಿಸಿದ ಘಟನೆಗಳು ಇವೆ. ದೀಪ ಉರಿಯುವಾಗ ಕಟ್ಟೆಯ ಬಳಿ ಯಾರೂ ನೀರಿಗಿಳಿಯಬಾರದು.

ಇಲ್ಲಿ ಕರಾವಳಿ ಕರ್ನಾಟಕದ ಓದುಗರಿಗೆ ಒಂದು ಮಾತು ಅಗತ್ಯ. ನಮ್ಮಲ್ಲಿ ‘ಲೈಟ್ ಫಿಶಿಂಗ್’ ಎಂದರೆ ಬೇರೆಯೇ ಸಂಗತಿ: ಜನರೇಟರ್ ಇಟ್ಟು ಪ್ರಖರ ಎಲ್‌ಇಡಿ ದೀಪಗಳಿಂದ ಮೀನಿನ ಹಿಂಡನ್ನು ಸೆಳೆದು, ಮರಿಗಳ ಸಮೇತ ಬಲೆಯಲ್ಲಿ ಬಳಿದುಕೊಳ್ಳುವುದು. ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ಇದನ್ನು ನಿಷೇಧಿಸಿದೆ, ನಾಡದೋಣಿಯವರು ಈಗಲೂ ಇದರ ವಿರುದ್ಧ ಹೋರಾಡುತ್ತಿದ್ದಾರೆ, ಅವರ ಅಳಲು ನ್ಯಾಯವಾದದ್ದು. ಇಲ್ಲಿ ಬರೆದ ಹಸಿರು ದೀಪದ ಕ್ರಮವನ್ನು ನಮ್ಮ ಕಡಲಿಗೆ ಅನ್ವಯಿಸಬೇಡಿ.

ಎರೆಗೆ ಹೊಳಪು ಬೇಕೆ?

ಬಹಳ ಸಲ ಬೇಡ. ಕೆಳಗಿನಿಂದ ನೋಡುವ ಮೀನಿಗೆ ಅಮಾವಾಸ್ಯೆಯ ಆಕಾಶವೂ ಸುತ್ತಲಿನ ನೀರಿಗಿಂತ ಬೆಳ್ಳಗೆ ಕಾಣುತ್ತದೆ. ಆ ಹಿನ್ನೆಲೆಯಲ್ಲಿ ಸ್ಪಷ್ಟವಾಗಿ ಎದ್ದು ಕಾಣುವುದು ಕಪ್ಪು. ಅದಕ್ಕೇ ಪೂರ್ವ ಕರಾವಳಿಯ ಮಾಂಟಾಕ್‌ನಿಂದ ಕೇಪ್ ಕಾಡ್‌ವರೆಗೆ ರಾತ್ರಿಯ ಚೀಲಗಳಲ್ಲಿ ಕಪ್ಪು ಎರೆ ಇದ್ದೇ ಇರುತ್ತದೆ. ಕತ್ತಲಲ್ಲಿ ಹೊಳೆಯುವ ಬಣ್ಣದ ಎರೆ ಆಳದ, ಕಲಕಿದ ನೀರಿಗೆ ಸರಿ. ಬೆಳಕು ಹೀರಿ ಕತ್ತಲಲ್ಲಿ ಹೊಳೆಯುವ ಸ್ಟ್ರಾಂಷಿಯಂ ಅಲ್ಯುಮಿನೇಟ್ ಬಳಿದ ಎರೆಗೆ ನೇರಳಾತೀತ ಟಾರ್ಚ್ ಬೆಳಕನ್ನು ಕೆಲವು ಸೆಕೆಂಡ್ ಕೊಟ್ಟರೆ ಸಾಕು. ಚೀಲದೊಳಗೇ ಬೆಳಕು ಕೊಡಿ, ಮೊದಲ ಒಂದು ನಿಮಿಷದ ಕಣ್ಣುಕುಕ್ಕುವ ಹೊಳಪು ಇಳಿದ ಮೇಲೆ ಎಸೆಯಿರಿ.

ದೋಣಿಯ ದೀಪ, ಅಳತೆಯ ದೀಪ

ಮೀನಿಗಾಗಿ ಆರಿಸಬಾರದ ದೀಪಗಳಿವೆ. ಸಾಗುವ ಮೋಟಾರ್ ದೋಣಿಗೆ ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಮೇಲೆ ಬಿಳಿ ಕಡ್ಡಾಯ. ಕಯಾಕ್‌ನಂಥ ಹುಟ್ಟಿನ ದೋಣಿಯಲ್ಲಿರುವವರು ಕನಿಷ್ಠ ಒಂದು ಬಿಳಿ ಟಾರ್ಚ್ ಸಿದ್ಧವಾಗಿಟ್ಟುಕೊಂಡು, ಡಿಕ್ಕಿಯಾಗುವ ಮುನ್ನ ಸಾಕಷ್ಟು ಮೊದಲೇ ತೋರಿಸಬೇಕು. ಕಂಬದ ಮೇಲೆ ಸುತ್ತಲೂ ಕಾಣುವ ಬಿಳಿ ದೀಪ ಇಟ್ಟುಕೊಳ್ಳುವುದು ಎಷ್ಟೋ ಮೇಲು. ಅಲುಗಾಡದ ಆ ದೀಪಕ್ಕೆ ಮೀನು ಹೆದರುವುದಿಲ್ಲ.

ಹಿಡಿದ ಮೀನಿನ ಅಳತೆಗೂ ಬೆಳಕು ಬೇಕು. 2023ರಿಂದ ಅಟ್ಲಾಂಟಿಕ್ ಕಡಲಿನಲ್ಲಿ ಹವ್ಯಾಸಿಗಳು ಇಟ್ಟುಕೊಳ್ಳಬಹುದಾದ್ದು 28ರಿಂದ 31 ಅಂಗುಲದೊಳಗಿನ ಒಂದೇ ಮೀನು. ಕೊಲ್ಲಿಗಳಿಗೂ ರಾಜ್ಯಗಳಿಗೂ ನಿಯಮ ಬೇರೆ, ವರ್ಷಕ್ಕೊಮ್ಮೆ ಬದಲಾಗಬಹುದು. ಹೊರಡುವ ಮೊದಲು ಆಯಾ ರಾಜ್ಯದ ಮೀನುಗಾರಿಕೆ ಇಲಾಖೆಯ ಪುಟ ನೋಡಿ. ಮೂರು ಅಂಗುಲದ ಈ ಕಿಂಡಿಯನ್ನು ಕತ್ತಲಲ್ಲಿ ಅಂದಾಜಿಸಲು ಆಗದು. ಅಳತೆಪಟ್ಟಿಯ ಮೇಲೆ 28 ಮತ್ತು 31ರಲ್ಲಿ ಬೆಳಕು ಪ್ರತಿಫಲಿಸುವ ಟೇಪ್ ಅಂಟಿಸಿದರೆ ಮಂದ ಕೆಂಪು ದೀಪದಲ್ಲೇ ಕೆಲಸ ಮುಗಿಯುತ್ತದೆ. ಬಿಡುವ ಮೀನಾದರೆ ಬಿಳಿ ಬೆಳಕನ್ನು ಅದರ ಕಣ್ಣಿಗೆ ಹಿಡಿಯಬೇಡಿ, ಒದ್ದೆ ಕೈಯಲ್ಲಿ ಹಿಡಿದು ಬೇಗ ನೀರಿಗೆ ಸೇರಿಸಿ.

ನೀರೇ ಬೆಳಗಿದಾಗ

ಬೇಸಿಗೆಯ ಕೊನೆಯಲ್ಲಿ ಕೆಲವು ರಾತ್ರಿ ಕಡಲಿನ ಏಕಕೋಶಜೀವಿಗಳೂ ಬಾಚಣಿಗೆ ಲೋಳೆಮೀನುಗಳೂ ಅಲುಗಿದಲ್ಲೆಲ್ಲ ಹಸಿರುನೀಲಿ ಬೆಳಕು ಸೂಸುತ್ತವೆ. ಅಲ್ಲಿನವರು ಇದನ್ನು ನೀರಿನ ಬೆಂಕಿ ಎನ್ನುತ್ತಾರೆ. ಎಳೆದ ದಾರ ಉದ್ದಕ್ಕೂ ಹೊಳೆಯುತ್ತದೆ, ಎರೆಯ ಹಿಂದೆ ಬಾಲದಂತೆ ಬೆಳಕು ಏಳುತ್ತದೆ, ಮೀನು ದೂರ ನಿಲ್ಲುತ್ತದೆ. ಇಂಥ ರಾತ್ರಿ ದಾರ ನೀರನ್ನು ಸೀಳದಂತೆ ನೋಡಿಕೊಳ್ಳುವುದೊಂದೇ ಉಪಾಯ: ಜೀವಂತ ಹಾವುಮೀನನ್ನು ಹರಿವಿನ ಜೊತೆ ತೇಲಿಬಿಟ್ಟು, ಕೋಲನ್ನು ಎತ್ತರ ಹಿಡಿದು, ರೀಲನ್ನು ಆದಷ್ಟು ಮುಟ್ಟದಿರಿ. ಜೀವಂತ ಎರೆಗೆ ವೃತ್ತಾಕಾರದ ಕೊಕ್ಕೆ ಕಡ್ಡಾಯ, ಹಾಗಾಗಿ ಕಚ್ಚಿದಾಗ ಜಗ್ಗದೆ ದಾರ ಬಿಗಿಯಾಗಲು ಬಿಟ್ಟು ಸುತ್ತಲು ತೊಡಗಿ. ಅರ್ಧ ಗಂಟೆಯಲ್ಲಿ ಒಂದೂ ತಟ್ಟದಿದ್ದರೆ ದೀಪವಿರುವ ಕಟ್ಟೆಗೋ ಸೇತುವೆಗೋ ಹೋಗಿ. ಸುತ್ತ ಬೆಳಕಿರುವಲ್ಲಿ ದಾರದ ಈ ಹೊಳಪು ಅಷ್ಟಾಗಿ ಎದ್ದು ಕಾಣುವುದಿಲ್ಲ.